ಚೌಕಾಬಾರಕ್ಕೊಂದು ಪ್ರೋಗ್ರಾಂ ಬರೀರಿ

ನಮ್ಮ ಕಾಲೇಜಿನಲ್ಲಿ ದಿನಾ ಕೋಡ್ ಬರೆಯುವವರು ನೂರಾರು ಮಂದಿ ಇದ್ದಾರೆ. ಲ್ಯಾಬ್ ರೆಕಾರ್ಡಿಗೆ ಬರೀತಾರೆ, ಇಂಟರ್ನಲ್ಸ್‌ಗೆ ಬರೀತಾರೆ, ಮಿನಿ ಪ್ರಾಜೆಕ್ಟಿಗೆ ಬರೀತಾರೆ. ಕಂಪನಿ ಬರುತ್ತೆ ಅಂತ ಸುದ್ದಿ ಬಂದರೆ ರಾತ್ರಿ ಎರಡರ ತನಕ ಕೂತು ಅರೇ, ಸ್ಟ್ರಿಂಗ್, ಡೈನಮಿಕ್ ಪ್ರೋಗ್ರಾಮಿಂಗ್ ಅಂತ ಲೆಕ್ಕ ಬಿಡಿಸ್ತಾರೆ. ಆದರೆ ಯಾರೂ ಕೇಳದೆ, ಯಾರಿಗೂ ತೋರಿಸಬೇಕಾಗಿಲ್ಲದೆ, ಬರೀ ಮಜಾಕ್ಕೆ ಅಂತ ಒಂದು ಪ್ರೋಗ್ರಾಂ ಬರೆದವರು ಎಷ್ಟು ಮಂದಿ? ನಿಮ್ಮ ಹಾಸ್ಟೆಲ್ ರೂಮಿನಲ್ಲೇ ಕೇಳಿ ನೋಡಿ. "ಅದ್ರಿಂದ ಏನ್ ಸಿಗ್ತೈತಲೇ?" ಅನ್ನೋ ಪ್ರಶ್ನೆಯೇ ತಿರುಗಿ ಬರುತ್ತೆ.

ಆ ಪ್ರಶ್ನೆಗೆ ಉತ್ತರ ಕೊಡೋಣ ಅಂತಲೇ ಇದನ್ನ ಬರೀತಿದ್ದೀನಿ. ನನ್ನ ಮಾತು ಇಷ್ಟೇ: ಸೆಮಿಸ್ಟರಿಗೆ ಒಂದಾದರೂ ಪ್ರೋಗ್ರಾಂ ಆಟಕ್ಕೆ ಅಂತ ಬರೆಯಬೇಕು. ಮಾರ್ಕ್ಸ್, ರೆಸ್ಯೂಮೆ ಎರಡನ್ನೂ ಬದಿಗಿಟ್ಟು ಬರೆಯಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದ ನಮಗೆ ಅದಕ್ಕೆ ಚೌಕಾಬಾರಕ್ಕಿಂತ ಒಳ್ಳೆ ವಿಷಯ ಸಿಗೋದು ಕಷ್ಟ.

ನಮ್ಮಲ್ಲಿ ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡ ಬಹಳ ಜನಕ್ಕೆ ಮೊದಲು ಹಿಡಿಸಿದ್ದು ಈ ಆಟವೇ. ಹೈಸ್ಕೂಲಿನ ಲ್ಯಾಬಿನಲ್ಲಿ ಪರದೆ ಮೇಲೆ ತನ್ನ ಹೆಸರು ನೂರು ಸಲ ಬರುವಂತೆ ಮಾಡಿದಾಗ ಆದ ಖುಷಿ, ಪಿಯುಸಿಯಲ್ಲಿ ಗೆಳೆಯನಿಗೆ ಸಂಖ್ಯೆ ಊಹಿಸೋ ಆಟ ಮಾಡಿಕೊಟ್ಟಾಗ ಆದ ಖುಷಿ, ಅದು ಎಲ್ಲಿಗೆ ಹೋಯ್ತು? ಮೂರನೇ ಸೆಮಿಸ್ಟರ್ ಮುಟ್ಟೋದರೊಳಗೆ ಕೋಡ್ ಅಂದರೆ ಎಕ್ಸ್‌ಟರ್ನಲ್ ಎದುರು ಚೀಟಿ ಎತ್ತೋದು ಅಂತಾಗಿರುತ್ತೆ. ಪರೀಕ್ಷೆಗೆ ಮಾತ್ರ ಕನ್ನಡ ಪದ್ಯ ಓದಿದವನು ಪರೀಕ್ಷೆ ಮುಗಿದ ದಿನ ಪುಸ್ತಕ ಮುಚ್ಚುತ್ತಾನೆ. ಅದು ನಮ್ಮ ಕನ್ನಡ ಸಂಘದವರಿಗೆ ಚೆನ್ನಾಗಿ ಗೊತ್ತು. ಕೋಡಿಗೂ ಅದೇ ಗತಿ ಬರುತ್ತೆ. ಹೆದರಿಕೆಯಿಂದ ಕಲಿತದ್ದು ಹೆದರಿಕೆ ಇರುವ ತನಕ ಮಾತ್ರ ಇರುತ್ತೆ.

ಈಗ ಆಟಕ್ಕೆ ಬರೋಣ. ಪಡಸಾಲೆಯ ಪರಸಿ ಕಲ್ಲಿನ ಮೇಲೆ ಬಳಪದಿಂದ ಐದು ಐದಲಿ ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುವಿನ ಮನೆಗೂ, ಎಲ್ಲಕ್ಕೂ ನಡುವೆ ಇರುವ ಮನೆಗೂ ಅಡ್ಡಗೆರೆ ಎಳೆದರೆ ಅವು ಕಟ್ಟೆ. ಅಲ್ಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ಬೆಳ್ಳಗಾಗುವಂತೆ ಕಲ್ಲಿಗೆ ತೇಯ್ದ ನಾಲ್ಕು ಹುಣಸೆ ಬೀಜ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆ ಚೂರೋ, ಕಡ್ಡಿಯೋ, ಕೈಗೆ ಸಿಕ್ಕಿದ್ದು. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು. ಚೌಕ ಅಥವಾ ಎಂಟು ಬಿದ್ದರೆ ಮತ್ತೊಮ್ಮೆ ಎಸೆಯಬಹುದು. ಹೊರಸುತ್ತು ಮುಗಿಸಿ, ಒಳಸುತ್ತು ಮುಗಿಸಿ, ನಡುಮನೆ ಸೇರಿದರೆ ಕಾಯಿ ಹಣ್ಣು. ನಾಲ್ಕೂ ಮೊದಲು ಹಣ್ಣು ಮಾಡಿದವರು ಗೆದ್ದರು.

ಇಷ್ಟೇನಾ, ಇದರಲ್ಲೇನಿದೆ ಅನ್ನಿಸಬಹುದು. ಈ ರಜೆಯಲ್ಲಿ ನಾನೂ ಇಷ್ಟನ್ನೇ ಹಿಡಿದು ಪೈಥಾನ್‌ನಲ್ಲಿ ಬರೆಯಲು ಕೂತೆ. ಬಹಳ ದಿನದ ಮೇಲೆ ಸಿಲಬಸ್ಸಿನಲ್ಲಿಲ್ಲದ್ದನ್ನು ಬರೀತಿದ್ದೆ. ಈ ಆಟ ಕಲಿಸುವಂಥ ಮೂರು ವಿಷಯ ಇಲ್ಲಿ ಹೇಳ್ತೀನಿ.

ಮೊದಲನೆಯದು ಕವಡೆಯ ಲೆಕ್ಕ. ಗರ ಅಂದರೆ 1, 2, 3, 4, 8 ಈ ಐದರಲ್ಲಿ ಒಂದು. ರ‍್ಯಾಂಡಮ್ ಫಂಕ್ಷನ್ನಿಗೆ ಈ ಪಟ್ಟಿ ಕೊಟ್ಟು ಒಂದನ್ನು ಆರಿಸು ಅಂದರೆ ಒಂದೇ ಸಾಲಿನಲ್ಲಿ ಕೆಲಸ ಮುಗೀತು. ಆದರೆ ಅದು ಚೌಕಾಬಾರ ಆಗೋದಿಲ್ಲ. ಐದೂ ಗರಕ್ಕೆ ಸಮ ಅವಕಾಶ ಕೊಟ್ಟರೆ ಚೌಕ ಅಥವಾ ಎಂಟು ಬೀಳುವ ಸಾಧ್ಯತೆ 5ರಲ್ಲಿ 2. ನಿಜವಾದ ಆಟದಲ್ಲಿ ನಾಲ್ಕು ಕವಡೆ ಬೇರೆ ಬೇರೆಯಾಗಿ ಬೀಳುತ್ತವೆ. ಒಂದೊಂದೂ ಅರ್ಧಕ್ಕರ್ಧ ಅಂತ ಹಿಡಿದರೂ ಒಟ್ಟು 16 ರೀತಿ ಬೀಳಬಹುದು. ಅದರಲ್ಲಿ 1 ಬೀಳೋದು 4 ರೀತಿ, 2 ಬೀಳೋದು 6 ರೀತಿ, 3 ಬೀಳೋದು 4 ರೀತಿ, ಚೌಕ ಒಂದೇ ರೀತಿ, ಎಂಟು ಒಂದೇ ರೀತಿ. ಅಂದರೆ ಚೌಕ ಅಥವಾ ಎಂಟಿನ ಸಾಧ್ಯತೆ 8ರಲ್ಲಿ 1 ಮಾತ್ರ.

ಈ ವ್ಯತ್ಯಾಸ ಸಣ್ಣದಲ್ಲ. ಸತತ ಮೂರು ಸಲ ದೊಡ್ಡ ಗರ ಬೀಳೋದು ನಿಜದ ಲೆಕ್ಕದಲ್ಲಿ 512ಕ್ಕೆ ಒಂದು ಸಲ. ಆ ಒಂದು ಸಾಲಿನ ಕೋಡಿನಲ್ಲಿ 125ಕ್ಕೆ 8 ಸಲ. ಸರಾಸರಿ ಗರ ನಿಜದಲ್ಲಿ 2.5, ಆ ಕೋಡಿನಲ್ಲಿ 3.6. ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ ಬೇಕು, ನಾಲ್ಕಕ್ಕೆ 96. ಯಾರೂ ಕಡಿಯದಿದ್ದರೂ ಒಂದು ಕಡೆ ಸುಮಾರು 38 ಗರ ಬೇಕಾಗುತ್ತೆ, ಇನ್ನೊಂದು ಕಡೆ 27ಕ್ಕೇ ಮುಗಿದುಹೋಗುತ್ತೆ. ಚೌಕ ಬಿತ್ತು ಅಂದ ಕೂಡಲೇ ಪಡಸಾಲೆಯಲ್ಲಿ ಕೂತವರೆಲ್ಲ ಹೋ ಅಂತ ಕೂಗೋದು ಯಾಕೆ ಅಂದರೆ ಅದು ಅಪರೂಪ. ಐದು ಸಲಕ್ಕೆ ಎರಡು ಸಲ ಬೀಳುವಂಗಿದ್ದರೆ ಯಾರು ಕೂಗ್ತಿದ್ರು?

ಇನ್ನೂ ಒಂದು ಮಾತಿದೆ. ಕವಡೆ ನಾಣ್ಯ ಅಲ್ಲ. ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಅರ್ಧಕ್ಕರ್ಧ ಬಿದ್ದೇ ಬೀಳಬೇಕು ಅಂತ ಕಾಯ್ದೆ ಇಲ್ಲ. ಬಾಯಿ ಮೇಲಾಗುವ ಸಾಧ್ಯತೆ 0.6 ಅಂತ ಇಟ್ಟುಕೊಳ್ಳಿ. ಆಗ ಚೌಕದ ಸಾಧ್ಯತೆ ಸುಮಾರು 13 ಪರ್ಸೆಂಟ್, ಎಂಟಿನದು 2.6 ಪರ್ಸೆಂಟ್. ಒಂದು ಇನ್ನೊಂದರ ಐದು ಪಟ್ಟು! ನಿಮ್ಮ ಮನೆಯ ಕವಡೆ ಹೇಗೆ ಬೀಳುತ್ತೆ ಅನ್ನೋದು ಯಾವ ವೆಬ್‌ಸೈಟಿನಲ್ಲೂ ಸಿಗಲ್ಲ. ನೂರು ಸಲ, ಇನ್ನೂರು ಸಲ ಎಸೆದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಬೇಕು. ಗಣಿತದ ಪೇಪರಿನಲ್ಲಿ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಅಂತ ಹತ್ತು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ದು ಇಲ್ಲಿ ಕೈಗೆ ಸಿಗುತ್ತೆ. ಶಕುನಿಯ ದಾಳದ ಕಥೆ ಕೇಳಿ ಬೆಳೆದ ನಮಗೆ ಎಸೆಯೋ ವಸ್ತುವಿನ ಮೇಲೆ ಅನುಮಾನ ಪಡೋದನ್ನ ಹೊಸದಾಗಿ ಕಲಿಸಬೇಕಾಗಿಲ್ಲ.

ಎರಡನೆಯದು ದಾರಿ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ 1. ಹೊರಗೆ ಒಂದು ದಿಕ್ಕಿಗೆ ಸುತ್ತಿದರೆ ಒಳಗೆ ಅದಕ್ಕೆ ತಿರುಗುಮುರುಗು. ನಾಲ್ಕು ಆಟಗಾರರಿಗೆ ನಾಲ್ಕು ದಾರಿ ಬರೆಯಬೇಕಾಗಿಲ್ಲ. ಒಬ್ಬರ ದಾರಿಯನ್ನು 25 ಮನೆಯ ಪಟ್ಟಿಯಾಗಿ ಬರೆದು, ಅದನ್ನೇ 90 ಡಿಗ್ರಿ ತಿರುಗಿಸುತ್ತಾ ಹೋದರೆ ಉಳಿದ ಮೂವರದ್ದೂ ಸಿಗುತ್ತೆ. ಒಬ್ಬರ ಕಾಯಿ ಇನ್ನೊಬ್ಬರ ಮನೆಯಲ್ಲಿದೆಯಾ ಅಂತ ನೋಡೋದು ಹೇಗೆ? ಹೊರಸುತ್ತಿನಲ್ಲಿ ಪಕ್ಕದವರ ಎಣಿಕೆಗೂ ನನ್ನ ಎಣಿಕೆಗೂ 4 ಮನೆಯ ಅಂತರ. ಒಳಸುತ್ತಿನಲ್ಲಿ ದಿಕ್ಕು ತಿರುಗುವುದರಿಂದ 2 ಮನೆಯ ಅಂತರ, ಅದೂ ಹಿಂದಕ್ಕೆ. ಪೆನ್ನು ಹಿಡಿದು ಇಪ್ಪತ್ತೈದು ಚೌಕ ಬರೆದುಕೊಂಡು ಇದನ್ನ ಕಂಡುಕೊಂಡಾಗ ಆಗೋ ಸಮಾಧಾನ ಇದೆಯಲ್ಲ, ಅದಕ್ಕೆ ಪ್ಲಸ್ ಒನ್ ಮಾರ್ಕ್ಸ್ ಬೇಕಾಗಲ್ಲ.

ಮೂರನೆಯದು ನಿಯಮ, ಮತ್ತು ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು. ಈ ಆಟವನ್ನು ನಾವು ಯಾರೂ ನಿಯಮದ ಪುಸ್ತಕ ಓದಿ ಕಲಿತವರಲ್ಲ. ಹಾಸ್ಟೆಲಿನಲ್ಲಿ ನಾವು ನಾಲ್ಕು ಮಂದಿ ಕೂತು ನಿಯಮ ಬರೆಯೋಣ ಅಂದಾಗ ನಾಲ್ಕು ಆಟ ಹೊರಬಿದ್ದವು. ಕೊಪ್ಪಳದವನ ಮನೆಯಲ್ಲಿ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶ ಇಲ್ಲ. ಗಂಗಾವತಿಯವನ ಮನೆಯಲ್ಲಿ ಸತತ ಮೂರು ದೊಡ್ಡ ಗರ ಬಿದ್ದರೆ ಮೂರೂ ಸತ್ತವು. ಕುಷ್ಟಗಿಯವನ ಮನೆಯಲ್ಲಿ ಒಂದೇ ಮನೆಯಲ್ಲಿ ಎರಡು ಕಾಯಿ ಕೂತರೆ ಅದು ಗಟ್ಟಿ, ಒಂಟಿ ಕಾಯಿ ಅದನ್ನ ಕಡಿಯೋ ಹಂಗಿಲ್ಲ. ಯಲಬುರ್ಗಾ ಕಡೆಯ ನಮ್ಮ ಮನೆಯಲ್ಲಿ ದೊಡ್ಡ ಗರ ಬಿದ್ದ ಮೇಲೇ ಮೊದಲ ಕಾಯಿ ಹೊರಗೆ ಬರೋದು. ಇವು ಇಡೀ ತಾಲ್ಲೂಕಿನ ನಿಯಮ ಅಂತ ಯಾರೂ ತಿಳಿಯಬಾರದು. ಆಯಾ ಮನೆಯ ನಿಯಮ. ಒಂದೇ ಊರಿನ ಎರಡು ಓಣಿಯಲ್ಲೂ ಬೇರೆ ಬೇರೆ ಇರಬಹುದು.

ಅರ್ಧ ಗಂಟೆ ಜಗಳ ಆಯ್ತು. ಆಮೇಲೆ ಪ್ರೋಗ್ರಾಮಿನಲ್ಲಿ ಜಗಳ ಮುಗೀತು: ಒಂದೊಂದು ನಿಯಮವೂ ಒಂದೊಂದು ಸ್ವಿಚ್ಚು. ಇರಲಿ ಅಂದರೆ ಇರುತ್ತೆ, ಬೇಡ ಅಂದರೆ ಇಲ್ಲ. ನಾಲ್ಕು ಸ್ವಿಚ್ಚಿಗೆ 16 ಚೌಕಾಬಾರ. ಯಾರ ಮನೆಯ ಆಟವೂ ತಪ್ಪಲ್ಲ.

ಆದರೂ ಒಂದು ಕಡೆ ಸಿಕ್ಕಿಕೊಂಡೆವು. ಎರಡನೇ ಚೌಕದಲ್ಲಿ ಒಂದು ಕಾಯಿ ಕಡಿದಿದ್ದೇವೆ, ಮೂರನೇ ಚೌಕ ಬಿದ್ದು ಗರವೆಲ್ಲ ಸತ್ತವು. ಕಡಿದ ಕಾಯಿ ಏನಾಗಬೇಕು? ನಾಲ್ವರೂ ಎಷ್ಟೋ ವರ್ಷದಿಂದ ಆಡಿದವರೇ, ಯಾರಿಗೂ ಗೊತ್ತಿಲ್ಲ. ಗಂಗಾವತಿ ಗೆಳೆಯ ಮನೆಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದ. "ಅಜ್ಜಿ, ಮೂರನೇ ಚೌಕ ಬಿದ್ದು ಗರ ಸತ್ತರ, ಎರಡನೇದ್ರಾಗ ಕಡದ ಕಾಯಿ ಮತ್ತ ಬದುಕ್ತೈತೇನು?" ಆ ಕಡೆಯಿಂದ ಉತ್ತರ ಬಂತು: "ಎಲ್ಲಾ ಗರ ಬಿದ್ದ ಮ್ಯಾಲ ಕಾಯಿ ನಡಸೋದಪಾ. ಮೊದ್ಲ ಎಸಿಯೋದು ಮುಗಸು, ಆಮ್ಯಾಲ ಕಾಯಿ ಮುಟ್ಟು."

ಅಷ್ಟೇ. ನಾಲ್ಕು ಇಫ್ ಕಂಡಿಷನ್ ಹಾಕಿ ಬಗೆಹರಿಸೋಕೆ ಹೊರಟಿದ್ದನ್ನು ಅಜ್ಜಿ ಒಂದು ವಾಕ್ಯದಲ್ಲಿ ಮುಗಿಸಿದರು. ಮೊದಲು ಗರವೆಲ್ಲ ಒಂದು ಪಟ್ಟಿಯಲ್ಲಿ ಸೇರಬೇಕು. ಪಟ್ಟಿ ಖಾಯಂ ಆದ ಮೇಲೆ, ಯಾವ ಗರವನ್ನು ಯಾವ ಕಾಯಿಗೆ ಕೊಡಬೇಕು ಅಂತ ಆಟಗಾರ ಆರಿಸಬೇಕು. ಸಮಸ್ಯೆ ಹುಟ್ಟುವುದೇ ಇಲ್ಲ. ಸಾಫ್ಟ್‌ವೇರ್ ಎಂಜಿನಿಯರಿಂಗ್ ಪುಸ್ತಕದಲ್ಲಿ 'ರಿಕ್ವೈರ್‌ಮೆಂಟ್ಸ್' ಅಂತ ಒಂದು ಅಧ್ಯಾಯ ಇರುತ್ತೆ, ಬಳಕೆದಾರರನ್ನು ಮಾತಾಡಿಸಿ ಅಂತ ಬರೆದಿರುತ್ತೆ. ನಾವು ಮಾಡೋ ಎಷ್ಟೋ ಪ್ರಾಜೆಕ್ಟಿನಲ್ಲಿ ಆ ಬಳಕೆದಾರ ಇರೋದೇ ಇಲ್ಲ. ಈ ಆಟದಲ್ಲಿ ಇದ್ದಾರೆ, ಅವರಿಗೆ ನಮಗಿಂತ ಹೆಚ್ಚು ಗೊತ್ತಿದೆ, ಮತ್ತು ಅವರಿಗೆ ವಯಸ್ಸಾಗಿದೆ. ಅಜ್ಜಿಯರ ಜೊತೆ ಹೋಗುವ ನಿಯಮ ಎಲ್ಲಿಯೂ ಬರೆದಿಟ್ಟಿಲ್ಲದ ನಿಯಮ. ನೀವು ಬರೆಯುವ ಇನ್ನೂರು ಸಾಲಿನ ಕೋಡು ಆ ಮನೆಯ ಆಟಕ್ಕೆ ಸಿಗುವ ಮೊದಲ ಲಿಖಿತ ದಾಖಲೆ ಆಗಬಹುದು.

ಆಟವನ್ನು ಬರೆದಿಡುವ ಆಸೆ ನಮ್ಮ ನಾಡಿಗೆ ಹೊಸದೂ ಅಲ್ಲ. ಆನೆಗೊಂದಿ ನಮ್ಮ ಗಂಗಾವತಿ ತಾಲ್ಲೂಕಿನಲ್ಲಿದೆ. ಹೊಳೆ ದಾಟಿದರೆ ಹಂಪಿ. ಅಲ್ಲಿನ ದೇವಸ್ಥಾನ, ಮಂಟಪಗಳ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದಿದ್ದಾರೆ. ಮುಂದಿನ ಸಲ ಹೋದಾಗ ಸೆಲ್ಫಿ ತೆಗೆದ ಮೇಲೆ ಒಂದು ಸಲ ನೆಲ ನೋಡಿ. ಮನೆ ಉಳಿದಿದೆ, ಆಡಿದವರ ನಿಯಮ ಕಲ್ಲಿನ ಮೇಲೆ ಇಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀತತ್ತ್ವನಿಧಿ'ಯ ಒಂಬತ್ತು ಭಾಗಗಳಲ್ಲಿ ಒಂದನ್ನು, ಅಂದರೆ ಕೌತುಕನಿಧಿಯನ್ನು, ಆಟಗಳಿಗೇ ಮೀಸಲಿಟ್ಟರು. ಇವತ್ತು ಅದೇ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಅನ್ನೋ ಪ್ರದರ್ಶನದ ಮೂಲಕ ಹಳೆಯ ಹಾಸಿನಾಟಗಳನ್ನು ಮತ್ತೆ ಜನರ ಮುಂದಿಡುತ್ತಿದೆ. ನಮ್ಮ ಕೈಯಲ್ಲಿ ಕಲ್ಲಿಲ್ಲ, ಅರಮನೆ ಇಲ್ಲ. ಲ್ಯಾಪ್‌ಟಾಪ್ ಇದೆ.

ಇದಕ್ಕೆ ಬರುವ ತಕರಾರುಗಳನ್ನೂ ನೋಡೋಣ.

ಒಂದು, ಟೈಮ್ ಇಲ್ಲ. ಇದನ್ನ ಹಗುರಾಗಿ ತಗೊಳ್ಳೋಕೆ ಆಗಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಮನೆತನದಲ್ಲೇ ಎಂಜಿನಿಯರಿಂಗ್ ಮೆಟ್ಟಿಲು ಹತ್ತಿದ ಮೊದಲಿಗರು. ಗಂಗಾವತಿಯ ಭತ್ತದ ಮೇಲೋ, ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲದ ಮೇಲೋ ಸಾಲ ಮಾಡಿ ಫೀಸು ಕಟ್ಟಿರ್ತಾರೆ. ಅಂಥವರಿಗೆ "ಆಟ ಆಡು" ಅನ್ನೋದು ಹೊಟ್ಟೆ ತುಂಬಿದವರ ಮಾತು ಅನ್ನಿಸಬಹುದು. ಪ್ಲೇಸ್‌ಮೆಂಟ್ ತಯಾರಿ ಬಿಡಿ ಅಂತ ನಾನು ಹೇಳ್ತಿಲ್ಲ. ಇದಕ್ಕೆ ಬೇಕಾಗೋದು ಮೂರ್ನಾಲ್ಕು ಭಾನುವಾರದ ಮಧ್ಯಾಹ್ನ. ಇದರಿಂದ ಕೆಲಸ ಸಿಗುತ್ತೆ ಅಂತಲೂ ಆಸೆ ತೋರಿಸಲ್ಲ. ಆದರೆ ಕೆಲಸ ಸಿಕ್ಕ ಮೇಲೆ ಮೂವತ್ತು ವರ್ಷ ಇದೇ ಕೀಬೋರ್ಡ್ ಮುಂದೆ ಕೂರಬೇಕು. ಅದರ ಮೇಲೆ ಒಂದಿಷ್ಟು ಪ್ರೀತಿ ಉಳಿಸಿಕೊಂಡು ಹೋಗೋದು ಶ್ರೀಮಂತರ ಮಕ್ಕಳಿಗಿಂತ ನಮಗೇ ಹೆಚ್ಚು ಬೇಕು.

ಎರಡು, ಇಂಥ ಆಟ ಮೊಬೈಲಿನಲ್ಲಿ ಆಗಲೇ ಇದೆಯಲ್ಲ? ಲೂಡೋ ಇದೆ. ನಮ್ಮ ದೇಶದ ಪಚ್ಚೀಸಿಯಿಂದ ಹುಟ್ಟಿ, 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆಟ ಅದು. ಅಲ್ಲಿ ಕವಡೆ ಹೋಗಿ ಆರು ಮುಖದ ದಾಳ ಬಂತು, ಎಲ್ಲ ಸಂಖ್ಯೆಗೂ ಸಮ ಪಾಲು ಬಂತು. ಮೇಲೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. ಎಸೆಯೋ ವಸ್ತು ಬದಲಾದರೆ ಆಟದ ನಡೆಯೇ ಬದಲಾಗುತ್ತೆ. ಇನ್ನು ಮೊಬೈಲಿನಲ್ಲಿ ಚೌಕಾಬಾರವೇ ಸಿಕ್ಕರೂ ಅದು ಯಾರೋ ಬರೆದವರ ಮನೆಯ ಆಟ, ನಿಮ್ಮ ಅಜ್ಜಿಯದಲ್ಲ.

ಮೂರು, ಚಾಟ್‌ಬಾಟ್‌ಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಕೋಡ್ ಕೊಡುತ್ತೆ, ನಾನ್ಯಾಕೆ ಬರೀಬೇಕು? ಕೊಡುತ್ತೆ, ನಿಜ. ತಗೊಂಡು ನೋಡಿ: ಕವಡೆ ಹೇಗೆ ಎಸೆದಿದೆ, ಗಟ್ಟಿ ಕಾಯಿ ಗೊತ್ತಿದೆಯಾ, ಮೂರನೇ ಚೌಕಕ್ಕೆ ಏನು ಮಾಡಿದೆ ಅಂತ ಪರೀಕ್ಷೆ ಮಾಡಿ. ಆದರೆ ನನ್ನ ಉತ್ತರ ಬೇರೆ. ಪಂಚಮಿ ಹಬ್ಬದ ದಿನ ನಿಮ್ಮ ಪರವಾಗಿ ಬೇರೆಯವರು ಜೋಕಾಲಿ ಜೀಕಿ, "ಚೆನ್ನಾಗಿತ್ತು" ಅಂತ ಬಂದು ಹೇಳಿದರೆ ನಿಮಗೇನು ಸಿಕ್ಕಿತು? ಕಂಪನಿ ಕೆಲಸಕ್ಕೆ ಯಾವ ಉಪಕರಣ ಬೇಕಾದರೂ ಬಳಸಿ. ಆಟವನ್ನು ಮಾತ್ರ ನೀವೇ ಆಡಿ.

"ಏನ್ ಸಿಗ್ತೈತಲೇ?" ಅನ್ನೋರಿಗೆ ಕಡೆಯದಾಗಿ ಮೂರು ಸಂಗತಿ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 'ಸ್ಪೇಸ್ ಟ್ರಾವೆಲ್' ಅನ್ನೋ ಆಟ ಬರೆದರು. ಅದನ್ನು ಒಂದು ಹಳೆಯ ಪಿಡಿಪಿ-7 ಯಂತ್ರದಲ್ಲಿ ಓಡಿಸಲು ಮಾಡಿದ ಕೆಲಸದಿಂದಲೇ ಯೂನಿಕ್ಸ್‌ಗೆ ದಾರಿಯಾಯಿತು. 1989ರ ಕ್ರಿಸ್‌ಮಸ್ ರಜೆಯಲ್ಲಿ ಗೈಡೋ ವಾನ್ ರೋಸಮ್ ಹೊತ್ತು ಕಳೆಯಲು ಶುರು ಮಾಡಿದ ಹವ್ಯಾಸವೇ ನಾವು ಲ್ಯಾಬಿನಲ್ಲಿ ಬರೆಯೋ ಪೈಥಾನ್. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡೋದು ಕಷ್ಟವಾಗಿದ್ದ ಕಾಲದಲ್ಲಿ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ನಮ್ಮ ನಿಮ್ಮ ಚೌಕಾಬಾರ ಇಷ್ಟು ದೂರ ಹೋಗಬೇಕಾಗಿಲ್ಲ. ಆದರೆ ಯಾರೂ ಕೇಳದೆ ಬರೆದ ಕೋಡು ಕೆಲಸಕ್ಕೆ ಬಾರದ್ದು ಅಂತ ಹೇಳೋ ಮುಂಚೆ ಇವನ್ನ ನೆನಪಿಸಿಕೊಂಡರೆ ಸಾಕು.

ಶುರು ಮಾಡೋರಿಗೆ ಒಂದೆರಡು ಮಾತು. ಚಿತ್ರ, ಬಣ್ಣ, ಆ್ಯಪ್ ಅಂತ ಮೊದಲೇ ಹೋಗಬೇಡಿ. ಟರ್ಮಿನಲ್ಲಿನಲ್ಲಿ ಐದು ಸಾಲು, ಐದು ಕಾಲಂ ಮೂಡಿದರೆ ಸಾಕು. ಹೆಸರುಗಳನ್ನು ಕನ್ನಡದಲ್ಲೇ ಇಡಿ: ಕಾಯಿ, ಗರ, ಮನೆ, ಕಟ್ಟೆ. ಪೈಥಾನ್ 3 ಒಪ್ಪಿಕೊಳ್ಳುತ್ತೆ. ಪ್ಲೇಸ್‌ಮೆಂಟ್ ಅನ್ನೋ ಥರದ ಪದಗಳಲ್ಲಿ ಅಕ್ಷರ ಬಿಡಿಸಲು ನಾವು ಹಾಕೋ ಕಣ್ಣಿಗೆ ಕಾಣದ ಚಿಹ್ನೆಯನ್ನು ಮಾತ್ರ ಒಪ್ಪಲ್ಲ, ಎರರ್ ಕೊಡುತ್ತೆ. ಆಟಗಾರ ಇನ್‌ಪುಟ್‌ನಲ್ಲಿ ೪ ಅಂತ ಕನ್ನಡ ಅಂಕಿ ಕೊಟ್ಟರೂ ಅದನ್ನು ಪೂರ್ಣಾಂಕ ಮಾಡಿದಾಗ 4 ಅಂತಲೇ ಓದುತ್ತೆ. ಆಟ ಸಿದ್ಧವಾದ ಮೇಲೆ ಕಂಪ್ಯೂಟರಿಗೆ ಕಂಪ್ಯೂಟರನ್ನೇ ಎದುರಾಳಿ ಮಾಡಿ ಹತ್ತು ಸಾವಿರ ಸಲ ಆಡಿಸಿ. ಮೊದಲು ಎಸೆದವರಿಗೆ ಲಾಭ ಇದೆಯಾ? ಕಡಿಯದೆ ಒಳಗೆ ಬಿಡಲ್ಲ ಅನ್ನೋ ನಿಯಮದಿಂದ ಆಟ ಎಷ್ಟು ಉದ್ದ ಆಗುತ್ತೆ? ಕೊಪ್ಪಳದ ಮನೆಯ ಆಟ ಬೇಗ ಮುಗಿಯುತ್ತೋ, ಕುಷ್ಟಗಿಯ ಮನೆಯದೋ? ಉತ್ತರ ಯಾವ ಪಠ್ಯಪುಸ್ತಕದ ಹಿಂದಿನ ಪುಟದಲ್ಲೂ ಇಲ್ಲ.

ಸೆಮಿಸ್ಟರ್ ರಜೆ ಹತ್ತಿರ ಬಂದಿದೆ. ಊರಿಗೆ ಹೋಗೋ ಬಸ್ಸು ಹತ್ತುವಾಗ ಬ್ಯಾಗಿನಲ್ಲಿ ಲ್ಯಾಪ್‌ಟಾಪಿನ ಜೊತೆ ಒಂದು ಖಾಲಿ ನೋಟ್‌ಬುಕ್ಕೂ ಇರಲಿ. ಮನೆಯಲ್ಲಿ ಅಜ್ಜಿಯೋ, ದೊಡ್ಡವ್ವನೋ, ಪಕ್ಕದ ಮನೆಯ ಅತ್ತಿಯೋ ಇದ್ದರೆ ಮೊದಲು ಅವರ ಜೊತೆ ಎರಡು ಆಟ ಸೋಲಿ. ಆಮೇಲೆ ಒಂದೊಂದೇ ನಿಯಮ ಕೇಳಿ ಬರೆದುಕೊಳ್ಳಿ. ಲ್ಯಾಪ್‌ಟಾಪ್ ತೆರೆಯೋದು ಅದಾದ ಮೇಲೆ.